57ರಲ್ಲಿ ಊಟ, ವ್ಯಾಯಾಮ ಬದಲಿಸಿದರೆ ಆಯಸ್ಸು ಹೆಚ್ಚುತ್ತಾ?

ಪ್ರಶ್ನೆ: ನನಗೆ ಈಗ 57. ಕೂತು ಮಾಡುವ ಕೆಲಸ. ನಮ್ಮ ತಂದೆ ದಿನಾ ತಪ್ಪದೆ ನಡೆಯುತ್ತಿದ್ದರು, ಊಟದಲ್ಲೂ ಹಿಡಿತ ಇತ್ತು. ಆದರೂ 66ಕ್ಕೆ ಹೃದಯಾಘಾತದಿಂದ ಹೋದರು. ಸೋದರಮಾವ ಯಾವ ಪಥ್ಯವನ್ನೂ ಮಾಡಿದವರಲ್ಲ. ಅವರಿಗೆ 91, ಗಟ್ಟಿಯಾಗಿದ್ದಾರೆ. ಹೀಗಿರುವಾಗ ಊಟ, ವ್ಯಾಯಾಮದಿಂದ ಆಯಸ್ಸು ನಿಜವಾಗಲೂ ಹೆಚ್ಚುತ್ತದೆಯೇ, ಇಲ್ಲ ಎಲ್ಲ ಹಣೆಬರಹವೇ? ಒಂದು ವರ್ಷದಿಂದ ರಾತ್ರಿ ಊಟ ಬಿಟ್ಟಿದ್ದೇನೆ. ಬೆಳಿಗ್ಗೆ 40 ನಿಮಿಷ ನಡೆಯುತ್ತೇನೆ. ತೂಕ 6 ಕೆ.ಜಿ. ಇಳಿದಿದೆ. ಆದರೆ ಮೆಟ್ಟಿಲು ಹತ್ತುವಾಗ ತೊಡೆ ಸೋಲುತ್ತದೆ. ವಯಸ್ಸಾಗುವುದನ್ನು ತಡೆಯುವ ಮಾತ್ರೆ ತಗೊಳ್ಳಿ ಅಂತ ಸ್ನೇಹಿತರೊಬ್ಬರು ಹೇಳುತ್ತಾರೆ. ಈ ವಯಸ್ಸಿನಲ್ಲಿ ಇದೆಲ್ಲ ಮಾಡಿ ಪ್ರಯೋಜನ ಇದೆಯೇ?

ಉತ್ತರ: ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ತೊಡೆ ಸೋಲುತ್ತದೆ ಅನ್ನುವ ಸಾಲಿನ ಮೇಲೆ. ನೀವು ಅದನ್ನು ಹಾಗೇ ಹೇಳಿ ಮುಂದೆ ಹೋಗಿದ್ದೀರಿ. ಆದರೆ ಉಳಿದೆಲ್ಲ ಪ್ರಶ್ನೆಗಳಿಗಿಂತ ಅದೇ ಮುಖ್ಯ. ಯಾಕೆ ಅಂತ ಹೇಳುತ್ತೇನೆ. ಮೊದಲು ತಂದೆ ಮತ್ತು ಸೋದರಮಾವನ ವಿಷಯ ಮುಗಿಸೋಣ.

ಇಂಥ ಜೋಡಿ ಹೆಚ್ಚುಕಡಿಮೆ ಎಲ್ಲ ಕುಟುಂಬದಲ್ಲೂ ಇರುತ್ತದೆ. ಕಟ್ಟುನಿಟ್ಟಾಗಿ ಬದುಕಿ ಬೇಗ ಹೋದವರು ಒಬ್ಬರು, ಏನೂ ಲೆಕ್ಕಿಸದೆ ತೊಂಬತ್ತು ದಾಟಿದವರು ಇನ್ನೊಬ್ಬರು. ಇದಕ್ಕೆ ಹೆಸರುವಾಸಿ ಉದಾಹರಣೆ ಅಮೆರಿಕದ ಜಿಮ್ ಫಿಕ್ಸ್. 1970ರ ದಶಕದಲ್ಲಿ ಅಸಂಖ್ಯ ಜನರಿಗೆ ಓಟದ ಹುಚ್ಚು ಹಿಡಿಸಿದ ಮನುಷ್ಯ. 1984ರಲ್ಲಿ ಓಡಲು ಹೋದಾಗಲೇ ಹೃದಯಾಘಾತವಾಗಿ ಸತ್ತ. ವಯಸ್ಸು 52. ಓಡಿ ಏನು ಸಿಕ್ಕಿತು ನೋಡಿ ಅಂತ ಜನ ಆಡಿಕೊಂಡರು. ಆದರೆ ಅವನ ತಂದೆ ತೀರಿಕೊಂಡದ್ದು 43ಕ್ಕೆ, ಅದೂ ಹೃದಯಾಘಾತದಿಂದಲೇ. ಫಿಕ್ಸ್ ಕೂಡ ಓಟ ಶುರು ಮಾಡುವ ಮೊದಲು ದಿನಕ್ಕೆ ಎರಡು ಪ್ಯಾಕ್ ಸಿಗರೇಟು ಸೇದುತ್ತಿದ್ದ, ದಪ್ಪಗೂ ಇದ್ದ. ಓಡಿದ್ದರಿಂದ ಸತ್ತನೋ, ಓಡಿದ್ದರಿಂದಲೇ ಅಪ್ಪನಿಗಿಂತ 9 ವರ್ಷ ಜಾಸ್ತಿ ಬದುಕಿದನೋ? ಒಬ್ಬನನ್ನು ನೋಡಿ ಹೇಳಲು ಬರುವುದಿಲ್ಲ. ನಿಮ್ಮ ತಂದೆ ನಡೆಯದೇ ಇದ್ದಿದ್ದರೆ ಇನ್ನೂ ಮೊದಲೇ ಹೋಗುತ್ತಿದ್ದರೋ ಏನೋ.

ವಂಶದ ಪಾಲು ಎಷ್ಟು ಅನ್ನುವುದನ್ನು ಅವಳಿಗಳನ್ನು ಇಟ್ಟುಕೊಂಡು ಅಳೆದಿದ್ದಾರೆ. ಡೆನ್ಮಾರ್ಕಿನಲ್ಲಿ 1870ರಿಂದ 1900ರ ನಡುವೆ ಹುಟ್ಟಿದ ಎರಡೂವರೆ ಸಾವಿರಕ್ಕೂ ಹೆಚ್ಚು ಅವಳಿ ಜೋಡಿಗಳ ಲೆಕ್ಕ ತೆಗೆದರು. ಆಯಸ್ಸಿನ ವ್ಯತ್ಯಾಸದಲ್ಲಿ ಸುಮಾರು ಕಾಲು ಭಾಗ ಮಾತ್ರ ವಂಶವಾಹಿಗಳದ್ದು ಅಂತ ಬಂತು. ಲೆಕ್ಕ ಹಾಕುವ ರೀತಿ ಬದಲಾದರೆ ಈ ಅಂಕಿಯೂ ಮೇಲೆ ಕೆಳಗೆ ಆಗುತ್ತದೆ, ಅದರ ಮೇಲೆ ಇನ್ನೂ ಜಗಳ ಇದೆ. ಉಳಿದದ್ದರಲ್ಲಿ ನಮ್ಮ ಅಭ್ಯಾಸಗಳಿವೆ, ಪರಿಸರ ಇದೆ, ಬರೀ ಅದೃಷ್ಟವೂ ಸಾಕಷ್ಟಿದೆ. ಅದೃಷ್ಟದ ಪಾಲನ್ನು ವೈದ್ಯರು ಬಾಯಿ ಬಿಟ್ಟು ಹೇಳುವುದು ಕಡಿಮೆ. ಆದರೆ ಅದು ಇದೆ.

ಒಂದು ಕೆಲಸದ ಮಾತು ಇಲ್ಲೇ ಹೇಳಿಬಿಡುತ್ತೇನೆ. ತಂದೆಗೋ ಅಣ್ಣತಮ್ಮಂದಿರಿಗೋ 55ರೊಳಗೆ, ತಾಯಿಗೋ ಅಕ್ಕತಂಗಿಯರಿಗೋ 65ರೊಳಗೆ ಹೃದಯಾಘಾತ ಆಗಿದ್ದರೆ ಅದನ್ನು ವಂಶದ ಎಚ್ಚರಿಕೆ ಅಂತ ವೈದ್ಯರು ಲೆಕ್ಕಕ್ಕೆ ತಗೊಳ್ಳುತ್ತಾರೆ. ನಿಮ್ಮ ತಂದೆಗೆ 66. ಅಂದರೆ ನೀವು ಅಂದುಕೊಂಡಷ್ಟು ಭಯಪಡುವ ಹಾಗಿಲ್ಲ. ಆದರೂ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ನೋಡಿಸಿಕೊಳ್ಳದೆ ಬರೀ ನಡಿಗೆಯನ್ನೇ ನಂಬಿ ಕೂರಬೇಡಿ. ನಡಿಗೆಗೆ ಜಗ್ಗದ ಬಿಪಿ ಇರುತ್ತದೆ, ಪಥ್ಯಕ್ಕೆ ಇಳಿಯದ ಕೊಲೆಸ್ಟ್ರಾಲ್ ಇರುತ್ತದೆ. ಅವಕ್ಕೆ ಒಳ್ಳೆ ಔಷಧಿಗಳಿವೆ. ತಗೊಂಡರೆ ಸೋತ ಹಾಗೆ ಅಲ್ಲ.

ಈಗ ವ್ಯಾಯಾಮ. ಇದರ ಕತೆ ಲಂಡನ್ನಿನ ಡಬಲ್ ಡೆಕರ್ ಬಸ್ಸುಗಳಿಂದ ಶುರುವಾಗುತ್ತದೆ. ಜೆರೆಮಿ ಮಾರಿಸ್ ಅನ್ನುವ ವೈದ್ಯ ಅಲ್ಲಿನ ಡ್ರೈವರ್ ಮತ್ತು ಕಂಡಕ್ಟರ್‌ಗಳ ಆರೋಗ್ಯದ ದಾಖಲೆ ಹೋಲಿಸಿ 1953ರಲ್ಲಿ ಪ್ರಕಟಿಸಿದ. ಒಂದೇ ಬಸ್ಸು, ಹೆಚ್ಚುಕಡಿಮೆ ಒಂದೇ ಥರದ ಮನೆಗಳಿಂದ ಬಂದ ಜನ. ಡ್ರೈವರ್ ದಿನವಿಡೀ ಕೂತಿರುತ್ತಾನೆ, ಕಂಡಕ್ಟರ್ ಟಿಕೆಟ್ ಕೊಡುತ್ತಾ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಕಂಡಕ್ಟರ್‌ಗಳಲ್ಲಿ ಹೃದಯಾಘಾತ ಎದ್ದು ಕಾಣುವಷ್ಟು ಕಡಿಮೆ ಇತ್ತು. ನನಗೆ ಇದರಲ್ಲಿ ಇಷ್ಟವಾಗುವುದು ಮುಂದಿನ ಭಾಗ. ಮಾರಿಸ್ ತನ್ನ ಫಲಿತಾಂಶವನ್ನೇ ಅನುಮಾನಿಸಿ, ಸಮವಸ್ತ್ರ ಹೊಲಿಸಿದ ಲೆಕ್ಕ ತೆಗೆಸಿ ನೋಡಿದ. ಡ್ರೈವರ್‌ಗಳ ಪ್ಯಾಂಟಿನ ಸೊಂಟದ ಅಳತೆ ಮೊದಲಿನಿಂದಲೇ ದೊಡ್ಡದಿತ್ತು! ಹಾಗಾದರೆ ಕೂತದ್ದರಿಂದ ಕಾಯಿಲೆ ಬಂತೋ, ಕಾಯಿಲೆ ಬರುವ ಮೈಕಟ್ಟಿನವರೇ ಕೂರುವ ಕೆಲಸಕ್ಕೆ ಸೇರಿದರೋ?

ಆಯಸ್ಸು ಮತ್ತು ವ್ಯಾಯಾಮದ ಬಗ್ಗೆ ನೀವು ಎಲ್ಲೇ ಏನೇ ಓದಿದರೂ ಈ ಪ್ಯಾಂಟಿನ ಪ್ರಶ್ನೆ ಬೆನ್ನ ಹಿಂದೆ ಇರುತ್ತದೆ. ತೈವಾನಿನಲ್ಲಿ 4 ಲಕ್ಷಕ್ಕೂ ಜಾಸ್ತಿ ಜನರನ್ನು ವರ್ಷಗಟ್ಟಲೆ ನೋಡಿದಾಗ, ದಿನಕ್ಕೆ ಬರೀ 15 ನಿಮಿಷ ಮೈ ಬಗ್ಗಿಸಿದವರು ಏನೂ ಮಾಡದವರಿಗಿಂತ ಸುಮಾರು 3 ವರ್ಷ ಜಾಸ್ತಿ ಬದುಕುವ ಅಂದಾಜು ಸಿಕ್ಕಿತು. 2011ರ ವರದಿ ಅದು. ಹೆಜ್ಜೆ ಎಣಿಸಿದ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ, 60 ದಾಟಿದವರಲ್ಲಿ ದಿನಕ್ಕೆ 6,000ದಿಂದ 8,000 ಹೆಜ್ಜೆವರೆಗೆ ಲಾಭ ಏರುತ್ತಾ ಹೋಗಿ ಆಮೇಲೆ ಹೆಚ್ಚುಕಡಿಮೆ ನಿಲ್ಲುತ್ತದೆ ಅಂತ ಕಂಡಿದೆ. ಆ 10,000 ಹೆಜ್ಜೆಯ ಮಾತು ಇದೆಯಲ್ಲ, ಅದು ಬಂದದ್ದು 1960ರ ದಶಕದ ಜಪಾನಿನ ಒಂದು ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ, ಪ್ರಯೋಗಶಾಲೆಯಿಂದ ಅಲ್ಲ. ಇವೆಲ್ಲ ಜನರನ್ನು ಅವರ ಪಾಡಿಗೆ ಬಿಟ್ಟು ನೋಡಿದ ಲೆಕ್ಕಗಳು. ನಡೆಯುವ ಶಕ್ತಿ ಇದ್ದವರು ನಡೆಯುತ್ತಾರೆ. ಒಳಗೊಳಗೇ ಕಾಯಿಲೆ ಶುರುವಾದವರು ಕೂರುತ್ತಾರೆ. ಲಾಭದಲ್ಲಿ ಒಂದು ಪಾಲು ಈ ಕಾರಣಕ್ಕೇ ದೊಡ್ಡದಾಗಿ ಕಾಣುತ್ತದೆ.

ಇದಕ್ಕೆ ಪರಿಹಾರ ಚೀಟಿ ಎತ್ತಿ ಎರಡು ಗುಂಪು ಮಾಡುವುದು. ಒಂದು ಗುಂಪಿಗೆ ವ್ಯಾಯಾಮ, ಇನ್ನೊಂದಕ್ಕೆ ಇಲ್ಲ. ನಾರ್ವೆಯ ಟ್ರಾನ್‌ಹೈಮ್‌ನಲ್ಲಿ 70ರಿಂದ 77 ವಯಸ್ಸಿನ 1,567 ಜನರನ್ನು ಹೀಗೆ ಹಂಚಿ 5 ವರ್ಷ ನೋಡಿದರು. ಸಾವಿನ ಸಂಖ್ಯೆಯಲ್ಲಿ ಖಚಿತವಾದ ವ್ಯತ್ಯಾಸ ಸಿಗಲಿಲ್ಲ. ವ್ಯಾಯಾಮ ಮಾರುವವರು ಯಾರೂ ಇದನ್ನು ನಿಮಗೆ ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ. ಹೋಲಿಕೆಗೆ ಇಟ್ಟುಕೊಂಡ ಗುಂಪಿಗೂ ಸರ್ಕಾರದ ಸಲಹೆಯಂತೆ ಚುರುಕಾಗಿರಿ ಅಂತ ಹೇಳಿದ್ದರು, ಅವರು ಅದನ್ನು ಶ್ರದ್ಧೆಯಿಂದ ಪಾಲಿಸಿಯೂಬಿಟ್ಟರು. ಹಾಗಾಗಿ ಅಂತರ ಮಸುಕಾಯಿತು. ಆದರೂ ಪಾಠ ಪಾಠವೇ. ವ್ಯಾಯಾಮದಿಂದ ಇಷ್ಟು ವರ್ಷ ಗ್ಯಾರಂಟಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಅದೇ ಥರ ಚೀಟಿ ಎತ್ತಿ ಮಾಡಿದ ಇನ್ನೊಂದು ಪ್ರಯೋಗ ಅಮೆರಿಕದಲ್ಲಿ ನಡೆಯಿತು, 2014ರಲ್ಲಿ ಫಲಿತಾಂಶ ಪ್ರಕಟವಾಯಿತು. 70ರಿಂದ 89 ವಯಸ್ಸಿನ 1,635 ಜನ. ಆಗಲೇ ಕಾಲಿನ ಬಲ ಕುಂದಿದವರು. ಒಂದು ಗುಂಪಿಗೆ ನಡಿಗೆ, ಕಾಲಿನ ಬಲದ ವ್ಯಾಯಾಮ, ಸಮತೋಲನದ ಅಭ್ಯಾಸ. ಇನ್ನೊಂದು ಗುಂಪಿಗೆ ಆರೋಗ್ಯದ ಪಾಠಗಳು. ಇಲ್ಲಿ ಅಳೆದದ್ದು ಸಾವನ್ನಲ್ಲ. ಯಾರ ಸಹಾಯವೂ ಇಲ್ಲದೆ 400 ಮೀಟರ್ ನಡೆಯಲು ಆಗುತ್ತದೆಯೇ ಅನ್ನುವುದನ್ನು. ಸರಾಸರಿ ಎರಡೂವರೆ ವರ್ಷದಲ್ಲಿ, ಆ ಶಕ್ತಿ ಕಳೆದುಕೊಳ್ಳುವ ಅಪಾಯ ವ್ಯಾಯಾಮದ ಗುಂಪಿನಲ್ಲಿ 18 ಶೇಕಡಾ ಕಡಿಮೆ ಇತ್ತು.

ಈಗ ನನ್ನ ಅಭಿಪ್ರಾಯ ಕೇಳಿ. ವ್ಯಾಯಾಮದಿಂದ ಕೆಲವು ವರ್ಷ ಸಿಗುತ್ತವೆ ಅಂತಲೇ ನಾನು ನಂಬುತ್ತೇನೆ. ಎಷ್ಟು ಅಂತ ಯಾರಿಗೂ ಪಕ್ಕಾ ಹೇಳಲು ಬರುವುದಿಲ್ಲ. ಆದರೆ ಕೊನೆಯ ಹತ್ತು ಹದಿನೈದು ವರ್ಷಗಳನ್ನು ನೀವು ಸ್ವಂತ ಕಾಲ ಮೇಲೆ ಕಳೆಯುತ್ತೀರೋ, ಹಾಸಿಗೆಯ ಮೇಲೋ ಅನ್ನುವುದನ್ನು ವ್ಯಾಯಾಮ ಬದಲಿಸುತ್ತದೆ. ಇದರಲ್ಲಿ ಅನುಮಾನ ಕಡಿಮೆ. ನಿಮ್ಮ ಸೋದರಮಾವನ ವಿಷಯದಲ್ಲಿ ನಿಮಗೆ ಹೊಟ್ಟೆಕಿಚ್ಚು ಆಗುವುದು ಆ 91 ಅನ್ನುವ ಸಂಖ್ಯೆಗೋ, ಗಟ್ಟಿಯಾಗಿದ್ದಾರೆ ಅನ್ನುವ ಮಾತಿಗೋ? ಎರಡನೆಯದಕ್ಕೇ, ಅಲ್ವಾ?

ಈಗ ತೊಡೆಗೆ ಬರೋಣ.

ಮೂವತ್ತು ದಾಟಿದ ಮೇಲೆ ಸ್ನಾಯು ನಿಧಾನಕ್ಕೆ ಕರಗುತ್ತದೆ. ಹತ್ತು ವರ್ಷಕ್ಕೆ 3ರಿಂದ 8 ಶೇಕಡಾ. ಅರವತ್ತು ದಾಟಿದ ಮೇಲೆ ಇನ್ನೂ ಬೇಗ. ಗಾತ್ರಕ್ಕಿಂತ ಬಲ ಬೇಗ ಹೋಗುತ್ತದೆ, ಬಲಕ್ಕಿಂತ ಚುರುಕುತನ ಇನ್ನೂ ಬೇಗ. ಒಳಗೆ ಏನಾಗುತ್ತದೆ ನೋಡಿ. ಬೆನ್ನುಹುರಿಯಿಂದ ಬರುವ ಒಂದೊಂದು ನರವೂ ಒಂದು ಕಟ್ಟು ಸ್ನಾಯು ಎಳೆಗಳನ್ನು ಆಡಿಸುತ್ತದೆ. ವಯಸ್ಸಾದಂತೆ ಕೆಲವು ನರಗಳು ಸಾಯುತ್ತವೆ. ಅವು ಆಡಿಸುತ್ತಿದ್ದ ಎಳೆಗಳು ಅನಾಥವಾಗುತ್ತವೆ. ಕರೆಂಟು ಹೋದ ಮನೆಗೆ ಪಕ್ಕದ ಮನೆಯಿಂದ ವಯರು ಎಳೆದ ಹಾಗೆ, ಅಕ್ಕಪಕ್ಕದ ನರ ಕೆಲವು ಎಳೆಗಳನ್ನು ತನ್ನದಾಗಿಸಿಕೊಳ್ಳುತ್ತದೆ. ಹಾಗೆ ಸಿಗದ ಎಳೆಗಳು ಒಣಗಿ ಹೋಗುತ್ತವೆ. ಹೀಗೆ ಜಾಸ್ತಿ ನಷ್ಟವಾಗುವುದು ವೇಗದ ಎಳೆಗಳದ್ದು. ಎಡವಿದಾಗ ಕಾಲನ್ನು ತಟಕ್ಕನೆ ಮುಂದಿಟ್ಟು ಬೀಳದಂತೆ ತಡೆಯುವ ಎಳೆಗಳು ಇವೇ. ಮೆಟ್ಟಿಲ ಮೇಲೆ ದೇಹವನ್ನು ಎತ್ತುವುದರಲ್ಲೂ ಇವುಗಳ ಪಾಲು ದೊಡ್ಡದು. ಸಮತಟ್ಟಾದ ದಾರಿಯಲ್ಲಿ ಆರಾಮಾಗಿ ನಡೆಯುವಾಗ ಇವನ್ನು ದೇಹ ಹೆಚ್ಚಾಗಿ ಎಬ್ಬಿಸುವುದೇ ಇಲ್ಲ. ನಿಮ್ಮ ಬೆಳಗಿನ 40 ನಿಮಿಷ ಹೃದಯಕ್ಕೆ ಒಳ್ಳೆಯದು, ಸಕ್ಕರೆಗೆ ಒಳ್ಳೆಯದು, ನಿದ್ದೆಗೂ ಒಳ್ಳೆಯದು. ತೊಡೆಗೆ ಮಾತ್ರ ಅದು ಸಾಲದು.

ಮೇಲಿಂದ ನೀವು 6 ಕೆ.ಜಿ. ಇಳಿಸಿದ್ದೀರಿ. ಬಲದ ವ್ಯಾಯಾಮ ಇಲ್ಲದೆ ಬರೀ ಊಟ ಕಡಿಮೆ ಮಾಡಿ ಇಳಿಸಿದ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲ, ಬಹುಮಟ್ಟಿಗೆ ಸ್ನಾಯು. ಅಂದರೆ ಒಂದೂವರೆ ಕಿಲೋದಷ್ಟು ಹೋಗಿರಬಹುದು. ತೂಕದ ಯಂತ್ರ ಇದನ್ನು ಬೇರೆ ಮಾಡಿ ತೋರಿಸುವುದಿಲ್ಲ, ಇಳಿದದ್ದನ್ನೆಲ್ಲ ಒಂದೇ ಸಂಖ್ಯೆಯಲ್ಲಿ ತೋರಿಸಿ ಖುಷಿಪಡಿಸುತ್ತದೆ. ತೊಡೆ ಮಾತ್ರ ಸುಳ್ಳು ಹೇಳುವುದಿಲ್ಲ. 2017ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 65 ದಾಟಿದ 160 ದಪ್ಪ ಜನರಲ್ಲಿ ಒಂದು ಗುಂಪನ್ನು ಹೋಲಿಕೆಗೆ ಬಿಟ್ಟು, ಉಳಿದವರಿಗೆ ತೂಕ ಇಳಿಸುವ ಊಟ ಕೊಟ್ಟರು. ಕೆಲವರಿಗೆ ನಡಿಗೆಯಂಥ ವ್ಯಾಯಾಮ, ಕೆಲವರಿಗೆ ಭಾರ ಎತ್ತುವುದು, ಕೆಲವರಿಗೆ ಎರಡೂ. ಬರೀ ನಡಿಗೆಯ ಗುಂಪು ಸ್ನಾಯುವನ್ನೂ ಒಳಗೊಂಡ ಕೊಬ್ಬಲ್ಲದ ತೂಕದಲ್ಲಿ 5 ಶೇಕಡಾ ಕಳೆದುಕೊಂಡಿತು. ಭಾರ ಎತ್ತಿದವರು 2 ಶೇಕಡಾ, ಎರಡೂ ಮಾಡಿದವರು 3 ಶೇಕಡಾ. ಓಡಾಟ, ಏಳುವುದು, ಕೂರುವುದು ಇವೆಲ್ಲ ಎಲ್ಲರಿಗಿಂತ ಚೆನ್ನಾಗಿ ಸುಧಾರಿಸಿದ್ದು ಎರಡೂ ಮಾಡಿದವರಲ್ಲಿ.

ಹಾಸಿಗೆ ಹಿಡಿದರೆ ಇದೇ ನಷ್ಟ ದಿನಗಳಲ್ಲಿ ಆಗಿಹೋಗುತ್ತದೆ. ಆರೋಗ್ಯವಾಗಿದ್ದ ಹಿರಿಯರನ್ನು ಪ್ರಯೋಗಕ್ಕೆಂದು 10 ದಿನ ಮಲಗಿಸಿದಾಗ ಕಾಲುಗಳಿಂದಲೇ ಸುಮಾರು 1 ಕೆ.ಜಿ. ಹೋಯಿತು. ಇನ್ನೂ ಬೆಚ್ಚಿಬೀಳಿಸುವುದು ಅಮೆರಿಕದ ಡಲ್ಲಾಸ್‌ನ ಪ್ರಯೋಗ. 1966ರಲ್ಲಿ 20 ವರ್ಷದ ಐವರು ಹುಡುಗರನ್ನು 3 ವಾರ ಹಾಸಿಗೆಯಲ್ಲೇ ಇಟ್ಟು, ಅವರ ದೇಹ ಎಷ್ಟು ಆಮ್ಲಜನಕ ಬಳಸಬಲ್ಲದು ಅಂತ ಅಳೆದರು. 30 ವರ್ಷ ಬಿಟ್ಟು ಅದೇ ಐವರನ್ನು ಕರೆಸಿ ಮತ್ತೆ ಅಳೆದರು. ಮೂವತ್ತು ವರ್ಷದ ವಯಸ್ಸು ಮಾಡಿದ ಹಾನಿಗಿಂತ ಆ 3 ವಾರದ ಹಾಸಿಗೆ ಮಾಡಿದ ಹಾನಿಯೇ ಜಾಸ್ತಿ ಇತ್ತು! ನಾವು ವಯಸ್ಸಿನ ಲೆಕ್ಕಕ್ಕೆ ಬರೆಯುವ ಎಷ್ಟೋ ನಷ್ಟ ನಿಜವಾಗಿ ಕೂತದ್ದರ ಲೆಕ್ಕ.

ಕಳೆದದ್ದು ವಾಪಸ್ ಬರುತ್ತಾ? ಬರುತ್ತದೆ. ಈ ವಯಸ್ಸಿನಲ್ಲಿ ಪ್ರಯೋಜನ ಇದೆಯೇ ಅಂತ ಕೇಳಿದ್ದೀರಲ್ಲ. 1990ರಲ್ಲಿ ಬಾಸ್ಟನ್ನಿನಲ್ಲಿ ವೈದ್ಯೆ ಮರಿಯಾ ಫಿಯಾಟರೋನ್ ಮತ್ತು ಜೊತೆಗಾರರು ಒಂದು ವೃದ್ಧಾಶ್ರಮದ 10 ಜನರನ್ನು ಆರಿಸಿಕೊಂಡರು. ವಯಸ್ಸು 86ರಿಂದ 96. ಅವರಿಂದ 8 ವಾರ ಕಾಲಿನಲ್ಲಿ ಭಾರ ಎತ್ತಿಸಿದರು. ಆಟದ ಭಾರ ಅಲ್ಲ, ಅವರ ಗರಿಷ್ಠ ಶಕ್ತಿಯ 80 ಶೇಕಡಾದಷ್ಟು. ಕೊನೆವರೆಗೂ ಉಳಿದ 9 ಜನರ ತೊಡೆಯ ಬಲ ಸರಾಸರಿ 174 ಶೇಕಡಾ ಏರಿತು. ಅಂದರೆ ಎರಡೂವರೆ ಪಟ್ಟಿಗೂ ಜಾಸ್ತಿ. ಇಷ್ಟು ದೊಡ್ಡ ಏರಿಕೆಗೆ ಒಂದು ಕಾರಣ ಅವರು ತೀರಾ ಕೆಳಗಿನಿಂದ ಶುರು ಮಾಡಿದ್ದು, ಇನ್ನೊಂದು ಮಲಗಿದ್ದ ನರಗಳು ಎದ್ದದ್ದು. ಇರಲಿ. ತೊಂಬತ್ತರಲ್ಲಿ ಆಗುವುದು 57ರಲ್ಲಿ ಆಗುವುದಿಲ್ಲ ಅನ್ನಲು ಕಾರಣವೇ ಇಲ್ಲ.

ನಿಮ್ಮ ತೊಡೆ ಎಲ್ಲಿದೆ ಅಂತ ಇವತ್ತೇ ನೋಡಿಕೊಳ್ಳಬಹುದು. ಕೈ ಇಲ್ಲದ, ನೆಟ್ಟಗಿನ ಬೆನ್ನಿನ, ಸುಮಾರು 43 ಸೆಂ.ಮೀ. ಎತ್ತರದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ನಡುಭಾಗಕ್ಕೆ ಬಂದು ಕೂತುಕೊಳ್ಳಿ. ಎರಡೂ ಕೈ ಎದೆಯ ಮೇಲೆ ಅಡ್ಡ ಕಟ್ಟಿ. ಪೂರ್ತಿ ನಿಲ್ಲಬೇಕು, ಪೂರ್ತಿ ಕೂರಬೇಕು. 30 ಸೆಕೆಂಡಿನಲ್ಲಿ ಎಷ್ಟು ಸಲ ಆಯಿತು ಅಂತ ಯಾರಾದರೂ ಪಕ್ಕದಲ್ಲಿ ನಿಂತು ಎಣಿಸಲಿ. ಮಧ್ಯೆ ಕೈ ಊರಿದರೆ ಲೆಕ್ಕ ಸೊನ್ನೆ. 60ರಿಂದ 64ರ ಗಂಡಸರಿಗೆ 14ಕ್ಕಿಂತ ಕಡಿಮೆ, ಹೆಂಗಸರಿಗೆ 12ಕ್ಕಿಂತ ಕಡಿಮೆ ಬಂದರೆ ಆ ವಯಸ್ಸಿನ ಸರಾಸರಿಗಿಂತ ಕೆಳಗೆ ಅಂತ ಅರ್ಥ. ನಿಮಗೆ 57, ಹಾಗಾಗಿ ನೀವು ಅದಕ್ಕಿಂತ ಮೇಲೇ ಇರಬೇಕು. ಮಾಡುವಾಗ ಗಮನಿಸಿ. ಬಲ ಕಡಿಮೆ ಇದ್ದವರು ಎದ್ದೇಳುವ ಮೊದಲು ತಲೆ, ಎದೆ ಎರಡನ್ನೂ ಜೋರಾಗಿ ಮುಂದಕ್ಕೆ ತೂಗುತ್ತಾರೆ, ಮಂಡಿಗಳು ಒಳಕ್ಕೆ ಬಾಗುತ್ತವೆ, ಕೂರುವಾಗ ಕೊನೆಯ ಗೇಣಿನಲ್ಲಿ ಧೊಪ್ಪೆಂದು ಬೀಳುತ್ತಾರೆ. ಆ ಕೊನೆಯ ಗೇಣೇ ನೀವು ಗಳಿಸಬೇಕಾದದ್ದು.

ಹೇಗೆ? ಇದೇ ಕುರ್ಚಿಯಿಂದ ಶುರು ಮಾಡಿ. ಏಳುವುದು ಬೇಗ, ಕೂರುವುದು ಮೂರು ಎಣಿಸುವಷ್ಟು ನಿಧಾನ. 8ರಿಂದ 12 ಸಲ, ಸ್ವಲ್ಪ ಸುಧಾರಿಸಿಕೊಂಡು ಮತ್ತೆ, ಹೀಗೆ ಎರಡು ಮೂರು ಸುತ್ತು. ವಾರಕ್ಕೆ ಎರಡು ಅಥವಾ ಮೂರು ದಿನ, ನಡುವೆ ಒಂದು ದಿನ ಬಿಡುವು. ಪ್ರತಿ ಸುತ್ತಿನ ಕೊನೆಯ ಎರಡು ಸಲ ಕಷ್ಟ ಅನ್ನಿಸಲೇಬೇಕು. ಸುಲಭ ಆಯಿತು ಅಂದರೆ ಕೈಯಲ್ಲಿ ಭಾರ ಹಿಡಿಯಿರಿ, ಇಲ್ಲವೇ ಗಟ್ಟಿ ಮೆಟ್ಟಿಲೊಂದರ ಮೇಲೆ ಒಂದೊಂದೇ ಕಾಲಿನಲ್ಲಿ ಹತ್ತಿ ಇಳಿಯಿರಿ. ಗೋಡೆಗೆ ಕೈ ಕೊಟ್ಟು ತಳ್ಳುವ ವ್ಯಾಯಾಮ, ಏನನ್ನಾದರೂ ಎದೆಯ ಕಡೆಗೆ ಎಳೆಯುವ ವ್ಯಾಯಾಮ ಜೊತೆಗಿರಲಿ. ಭಾರ ಏರಿಸದೆ ವರ್ಷಗಟ್ಟಲೆ ಅದೇ ಹತ್ತು ಸಲ ಎದ್ದು ಕೂತರೆ ಏನೂ ಆಗುವುದಿಲ್ಲ. ಇಲ್ಲಿ ಬಹಳ ಜನ ಎಡವುತ್ತಾರೆ. ನಡಿಗೆ ಬಿಡಬೇಡಿ, ಆದರೆ ಅದರಲ್ಲಿ ಸ್ವಲ್ಪ ಹೊತ್ತು ವೇಗ ಹೆಚ್ಚಿಸಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ: ವಾರಕ್ಕೆ 150ರಿಂದ 300 ನಿಮಿಷ ಇಂಥ ಚಟುವಟಿಕೆ, ಎರಡು ದಿನವಾದರೂ ಬಲದ ವ್ಯಾಯಾಮ. ಮೊದಲ ಅರ್ಧ ಎಲ್ಲರಿಗೂ ಗೊತ್ತು. ಎರಡನೆಯ ಅರ್ಧ ಯಾಕೋ ಯಾರ ಕಿವಿಗೂ ಬೀಳುವುದಿಲ್ಲ.

ಊಟದ ವಿಷಯ. ಕಡಿಮೆ ತಿಂದರೆ ಜಾಸ್ತಿ ಬದುಕುತ್ತೇವೆ ಅನ್ನುವ ನಂಬಿಕೆಗೆ ಬುನಾದಿ ಇದೆ. 1935ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕೇ ಇಲಿಗಳಿಗೆ ಪೋಷಕಾಂಶ ಸರಿಯಾಗಿಟ್ಟು ಕ್ಯಾಲರಿ ಮಾತ್ರ ಇಳಿಸಿದ, ಅವು ಹೆಚ್ಚು ಕಾಲ ಬದುಕಿದವು. ಆಮೇಲೆ ಅಮೆರಿಕದಲ್ಲೇ ಎರಡು ಕಡೆ ರೀಸಸ್ ಕೋತಿಗಳ ಮೇಲೆ ದಶಕಗಟ್ಟಲೆ ಪ್ರಯೋಗ ನಡೆಯಿತು. ವಿಸ್ಕಾನ್ಸಿನ್‌ನಲ್ಲಿ ಆಯಸ್ಸು ಹೆಚ್ಚಿತು. ಇನ್ನೊಂದು ಕಡೆ, ರಾಷ್ಟ್ರೀಯ ವಯೋಮಾನ ಸಂಸ್ಥೆಯಲ್ಲಿ, ಹೆಚ್ಚಲಿಲ್ಲ. ಯಾಕೆ ಅಂತ ಕೆದಕಿದಾಗ ಒಂದು ಮುಖ್ಯ ಸುಳಿವು ಊಟದ ತಟ್ಟೆಯಲ್ಲೇ ಸಿಕ್ಕಿತು. ವಿಸ್ಕಾನ್ಸಿನ್‌ನ ಆಹಾರದಲ್ಲಿ ಸಕ್ಕರೆ ತುಂಬಾ ಜಾಸ್ತಿ, ಮತ್ತು ಹೋಲಿಕೆಗಿಟ್ಟ ಕೋತಿಗಳು ಹೊಟ್ಟೆ ಬಿರಿಯುವಷ್ಟು ತಿನ್ನಬಹುದಿತ್ತು. ಇನ್ನೊಂದು ಕಡೆ ಎಲ್ಲ ಕೋತಿಗಳಿಗೂ ಊಟ ಮೊದಲೇ ಅಳತೆಯಲ್ಲಿತ್ತು. ನಾನು ಇದರಿಂದ ತಿಳಿದುಕೊಳ್ಳುವುದು ಇಷ್ಟು: ಕೆಟ್ಟ ಊಟವನ್ನು ಅತಿಯಾಗಿ ತಿನ್ನುವವರಿಗೆ ಕಡಿಮೆ ತಿನ್ನುವುದರಿಂದ ದೊಡ್ಡ ಲಾಭ. ಮೊದಲೇ ಹಿತಮಿತವಾಗಿ ತಿನ್ನುವವರಿಗೆ ಅಷ್ಟಿಲ್ಲ.

ಮನುಷ್ಯರ ಮೇಲೆ ಇಂಥದ್ದೇ ಪ್ರಯೋಗ ಎರಡು ವರ್ಷ ನಡೆದಿದೆ. ಸುಮಾರು 220 ಜನ, ಯಾರೂ ಬೊಜ್ಜಿನವರಲ್ಲ. ಕ್ಯಾಲರಿ 25 ಶೇಕಡಾ ಇಳಿಸಿ ಅಂದರು. ಜನಕ್ಕೆ ಸಾಧ್ಯವಾದದ್ದು 12 ಶೇಕಡಾ, ಅದೂ ತಜ್ಞರು ಬೆನ್ನು ಹತ್ತಿದ್ದಾಗ. ಬಿಪಿ, ಕೊಲೆಸ್ಟ್ರಾಲ್ ಸುಧಾರಿಸಿದವು. ರಕ್ತದಲ್ಲಿ ವಯಸ್ಸಾಗುವ ವೇಗ ಅಳೆಯುವ ಒಂದು ಪರೀಕ್ಷೆಯಲ್ಲಿ 2ರಿಂದ 3 ಶೇಕಡಾ ನಿಧಾನ ಕಂಡಿತು. ಜೊತೆಗೆ ಮೂಳೆಯ ಸಾಂದ್ರತೆಯೂ ಸ್ವಲ್ಪ ಇಳಿಯಿತು. ಅದನ್ನು ಮರೆಯಬಾರದು.

ಹಾಗಾಗಿ ನಿಮ್ಮ ರಾತ್ರಿ ಊಟದ ಬಗ್ಗೆ ನನ್ನ ಸಲಹೆ: ತೂಕ ಇಳಿಸುವ ಅಗತ್ಯ ಇತ್ತು ಅಂದರೆ ಇಷ್ಟು ದಿನ ಮಾಡಿದ್ದು ಸರಿ. ಹೊತ್ತು ನೋಡಿ ತಿನ್ನುವುದರಲ್ಲಿ ವಿಶೇಷ ಶಕ್ತಿ ಏನೂ ಇಲ್ಲ. ಒಂದು ವರ್ಷದ ಪ್ರಯೋಗದಲ್ಲಿ, ಅಷ್ಟೇ ಕ್ಯಾಲರಿಯನ್ನು 8 ಗಂಟೆಯೊಳಗೆ ತಿಂದವರೂ ದಿನವಿಡೀ ಹಂಚಿ ತಿಂದವರೂ ಹೆಚ್ಚುಕಡಿಮೆ ಅಷ್ಟೇ ತೂಕ ಇಳಿಸಿದರು. ಆದರೆ ಒಂದು ಹೊತ್ತು ಬಿಟ್ಟಾಗ ಪ್ರೋಟೀನ್ ಸದ್ದಿಲ್ಲದೆ ಕಡಿಮೆಯಾಗುತ್ತದೆ. ಮಾಮೂಲಿ ಶಿಫಾರಸು ದೇಹದ ತೂಕದ ಪ್ರತಿ ಕಿಲೋಗೆ 0.8 ಗ್ರಾಂ. 65 ದಾಟಿದವರಿಗೆ 1ರಿಂದ 1.2 ಗ್ರಾಂ ಬೇಕು ಅಂತ ಹಿರಿಯರ ಆರೋಗ್ಯದ ತಜ್ಞರು ಹೇಳುತ್ತಾರೆ. ಯಾಕೆಂದರೆ ವಯಸ್ಸಾದ ಸ್ನಾಯು ಮಂದಗಿವುಡು. ಚಿಕ್ಕ ಪ್ರಮಾಣದ ಪ್ರೋಟೀನ್ ಬಂದರೆ ಅದಕ್ಕೆ ಕೇಳಿಸುವುದೇ ಇಲ್ಲ. ಬಲದ ವ್ಯಾಯಾಮ ಶುರು ಮಾಡುವ ನೀವು ಈಗಲೇ ಆ ಲೆಕ್ಕಕ್ಕೆ ಬನ್ನಿ. 65 ಕೆ.ಜಿ. ಇದ್ದರೆ ದಿನಕ್ಕೆ 65ರಿಂದ 78 ಗ್ರಾಂ, ಊಟಗಳಿಗೆ ಹಂಚಿ. ಕಾಳು, ಬೇಳೆ, ಹಾಲು, ಮೊಸರು, ಮೊಟ್ಟೆ, ಮೀನು, ನಿಮಗೆ ಒಗ್ಗುವುದು ಯಾವುದಾದರೂ ಸರಿ. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ವೈದ್ಯರನ್ನು ಕೇಳದೆ ಏರಿಸಬೇಡಿ.

ಎಷ್ಟು ತಿನ್ನಬೇಕು ಅನ್ನುವುದಾಯಿತು, ಏನು ತಿನ್ನಬೇಕು? ಇದರ ಬಗ್ಗೆ ಇರುವಷ್ಟು ಗದ್ದಲ ಅನಗತ್ಯ. ಕಾಳುಗಳು, ಇಡೀ ಧಾನ್ಯ, ಬೀಜಗಳು, ತರಕಾರಿ, ಹಣ್ಣು ಜಾಸ್ತಿ. ಸಂಸ್ಕರಿಸಿದ ಮಾಂಸ, ಸಿಹಿ ಪಾನೀಯ, ಪ್ಯಾಕೆಟ್ ತಿಂಡಿ ಕಡಿಮೆ. ಪ್ಯಾಕೆಟ್ ತಿಂಡಿಯದ್ದು ಮಾತ್ರ ಒಂದು ವಿಶೇಷ. 2019ರಲ್ಲಿ ಅಮೆರಿಕದ ಸಂಶೋಧಕ ಕೆವಿನ್ ಹಾಲ್ 20 ಜನರನ್ನು ಆಸ್ಪತ್ರೆಯಲ್ಲೇ ಇಟ್ಟು, ಎರಡು ವಾರ ಕಾರ್ಖಾನೆಯ ಊಟ, ಎರಡು ವಾರ ತಾಜಾ ಊಟ ಕೊಟ್ಟ. ಬಡಿಸಿದ ಸಕ್ಕರೆ, ಕೊಬ್ಬು, ನಾರು ಎರಡರಲ್ಲೂ ಸಮ. ಬೇಕಾದಷ್ಟು ತಿನ್ನಿ ಅಂದ. ಕಾರ್ಖಾನೆಯ ಊಟದಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲರಿ ಜಾಸ್ತಿ ತಿಂದರು, ತಮಗೆ ಗೊತ್ತಿಲ್ಲದೆಯೇ.

ಊಟ ಬದಲಿಸಿ ಸಾವು ಕಡಿಮೆಯಾಗಿದೆ ಅಂತ ದೊಡ್ಡ ಪ್ರಯೋಗದಲ್ಲಿ ಸಾಬೀತಾದದ್ದು ಅಪರೂಪ. ಅಂಥದ್ದೊಂದು ಉಪ್ಪಿನದು. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನ. ಹಿಂದೆ ಪಾರ್ಶ್ವವಾಯು ಆದವರು, ಇಲ್ಲವೇ 60 ದಾಟಿದ ಬಿಪಿ ರೋಗಿಗಳು. ಅರ್ಧ ಹಳ್ಳಿಗಳಿಗೆ ಮಾಮೂಲಿ ಉಪ್ಪಿನ ಬದಲು ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು ಕೊಟ್ಟರು. ಸುಮಾರು 5 ವರ್ಷದಲ್ಲಿ ಪಾರ್ಶ್ವವಾಯು 14 ಶೇಕಡಾ, ಸಾವು 12 ಶೇಕಡಾ ಕಡಿಮೆಯಾಯಿತು. ಹೊಸ ಪಥ್ಯ ಇಲ್ಲ, ಉಪವಾಸ ಇಲ್ಲ. 2021ರ ಈ ಫಲಿತಾಂಶಕ್ಕೆ ಸಿಗಬೇಕಾದ ಪ್ರಚಾರ ಸಿಗಲಿಲ್ಲ ಅನ್ನುವುದು ನನ್ನ ದೂರು. ಮೂತ್ರಪಿಂಡದ ಕಾಯಿಲೆ ಇರುವವರಿಗೆ, ಪೊಟ್ಯಾಸಿಯಂ ಏರಿಸುವ ಕೆಲವು ಬಿಪಿ ಮಾತ್ರೆ ತಗೊಳ್ಳುವವರಿಗೆ ಈ ಉಪ್ಪು ಅಪಾಯ. ನಿಮಗೆ ಆಗುತ್ತಾ ಅಂತ ವೈದ್ಯರನ್ನು ಕೇಳಿಯೇ ಬಳಸಿ.

ಸ್ನೇಹಿತರ ಮಾತ್ರೆಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ವಯಸ್ಸಾಗುವುದನ್ನು ತಡೆದು ಮನುಷ್ಯನ ಆಯಸ್ಸು ಹೆಚ್ಚಿಸಿದ್ದು ಸಾಬೀತಾದ ಮಾತ್ರೆ ಒಂದೂ ಇಲ್ಲ. ಹಾನಿ ಮಾಡಿದ ಉದಾಹರಣೆ ಇದೆ. ಫಿನ್‌ಲ್ಯಾಂಡಿನಲ್ಲಿ ಸಿಗರೇಟು ಸೇದುವ ಗಂಡಸರಿಗೆ ಕ್ಯಾರೆಟ್‌ನಲ್ಲಿರುವ ಬೀಟಾ ಕೆರೋಟಿನ್ ಅನ್ನುವ ಪೋಷಕಾಂಶವನ್ನು ಮಾತ್ರೆಯಾಗಿ ಕೊಟ್ಟಾಗ ಶ್ವಾಸಕೋಶದ ಕ್ಯಾನ್ಸರ್ 18 ಶೇಕಡಾ ಹೆಚ್ಚಿತು, 1994ರ ವರದಿ. ವ್ಯಾಯಾಮದ ಜೊತೆ ವಿಟಮಿನ್ ಸಿ ಮತ್ತು ಇ ಮಾತ್ರೆ ನುಂಗಿದವರಲ್ಲಿ, ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವ, ವ್ಯಾಯಾಮದಿಂದ ಸಿಗಬೇಕಿದ್ದ ಲಾಭವೇ ಸಿಗಲಿಲ್ಲ ಅಂತ 2009ರ ಒಂದು ಚಿಕ್ಕ ಪ್ರಯೋಗ ತೋರಿಸಿತು. ವ್ಯಾಯಾಮ ಕೊಡುವ ಸಣ್ಣ ಏಟಿಗೇ ದೇಹ ಗಟ್ಟಿಯಾಗುವುದು, ಮಾತ್ರೆ ಆ ಏಟನ್ನೇ ಮೆತ್ತಗೆ ಮಾಡುತ್ತದೆ. ರಕ್ತಪರೀಕ್ಷೆಯಲ್ಲಿ ಕೊರತೆ ಕಂಡರೆ ಅದಕ್ಕೆ ಮಾತ್ರೆ ತಗೊಳ್ಳಿ. ಸುಮ್ನೆ ಬೇಡ.

ನೀವು ಸಿಗರೇಟಿನ ಮಾತು ಎತ್ತಿಲ್ಲ. ಸೇದುತ್ತಿದ್ದರೆ ಮೇಲೆ ಬರೆದದ್ದೆಲ್ಲ ಆಮೇಲಿನದು. ಬ್ರಿಟನ್ನಿನ ವೈದ್ಯರನ್ನೇ 50 ವರ್ಷ ನೋಡಿದ ಅಧ್ಯಯನದಲ್ಲಿ, ಸೇದುತ್ತಲೇ ಇದ್ದವರು ಸರಾಸರಿ 10 ವರ್ಷ ಕಳೆದುಕೊಂಡರು. 60ರಲ್ಲಿ ಬಿಟ್ಟವರಿಗೂ ಅದರಲ್ಲಿ 3 ವರ್ಷ ವಾಪಸ್ ಸಿಕ್ಕಿತು.

ಇನ್ನು ಶುರು ಮಾಡುವ ಮೊದಲು. ತೊಡೆ ಸೋಲುವುದು ಬರೀ ಸ್ನಾಯು ಕರಗಿದ್ದರಿಂದಲೇ ಅಂತ ಪತ್ರ ನೋಡಿ ಹೇಳುವ ಹಾಗಿಲ್ಲ. ಥೈರಾಯ್ಡ್, ವಿಟಮಿನ್ ಡಿ, ಸಕ್ಕರೆ, ಪೊಟ್ಯಾಸಿಯಂ ನೋಡಿಸಿ. ಕೊಲೆಸ್ಟ್ರಾಲ್‌ಗೆ ಸ್ಟ್ಯಾಟಿನ್ ತಗೊಳ್ಳುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಮೆಟ್ಟಿಲು ಹತ್ತುವಾಗ ತೊಡೆಯ ಜೊತೆ ಎದೆ ಬಿಗಿಯುತ್ತದೆಯೇ, ಉಸಿರು ಹೆಚ್ಚು ಕಟ್ಟುತ್ತದೆಯೇ, ಗದ್ದಕ್ಕೋ ಎಡಗೈಗೋ ನೋವು ಹರಿಯುತ್ತದೆಯೇ? ಇದ್ದರೆ ಭಾರ ಮುಟ್ಟುವ ಮೊದಲು ಹೃದಯ ತೋರಿಸಿ. ನಡೆಯುವಾಗ ಮೀನಖಂಡ ಹಿಡಿದುಕೊಂಡು, ನಿಂತ ಕೂಡಲೇ ಬಿಡುತ್ತದೆ ಅಂದರೆ ಕಾಲಿನ ರಕ್ತನಾಳ ನೋಡಿಸಬೇಕು. ಇವು ಯಾವುದೂ ಇಲ್ಲ ಅಂದರೆ ಕುರ್ಚಿಯಿಂದ ಶುರು ಮಾಡಿ, ರಾತ್ರಿ ಚಿಕ್ಕದಾದರೂ ಪ್ರೋಟೀನ್ ಇರುವ ಊಟ ವಾಪಸ್ ತನ್ನಿ, 12 ವಾರ ಬಿಟ್ಟು ಅದೇ ಕುರ್ಚಿಯಲ್ಲಿ ಮತ್ತೆ 30 ಸೆಕೆಂಡ್ ಎಣಿಸಿ. ಅಷ್ಟರಲ್ಲಿ ಸಂಖ್ಯೆ ಏರಿರಬೇಕು. ಏರದಿದ್ದರೆ ಭಾರ ಸಾಲುತ್ತಿಲ್ಲ, ಇಲ್ಲವೇ ನಾವು ಕಾಣದ ಬೇರೆ ಕಾರಣ ಇದೆ. ಆಗ ವೈದ್ಯರ ಹತ್ತಿರ ಮತ್ತೆ ಹೋಗಿ, ಎರಡೂ ಸಂಖ್ಯೆಗಳನ್ನು ಬರೆದುಕೊಂಡು ಹೋಗಿ.